ಇಪ್ಪತ್ತು ನಿಮಿಷದ ಬೋರ್ಡು

ಎಂಜಿನ್ನುಗಳಿಗೆ ವಿಶ್ರಾಂತಿಯ ಹಕ್ಕು ಸಿಕ್ಕಿ ಆರು ವರ್ಷವಾಗಿತ್ತು. ನಾಲ್ಕು ತಾಸು ಓಡಿದರೆ ಸಾಕು, ಕಂಪನಿಯ ಕಂಟ್ರೋಲ್ ಬೋರ್ಡು ಗಾಡಿಯನ್ನು ಒಂದು ತಾಸು ನಿಲ್ಲಿಸಿಬಿಡುತ್ತಿತ್ತು. ಗದಗಿನ ಅನಸೂಯಾ ತಾನೇ ಸರ್ಕ್ಯೂಟಿನ ನಕ್ಷೆ ಬರೆದು, ಗಾಡಿಯನ್ನು ನಿಲ್ಲಿಸದ 'ನಿಲ್ಲದ ಬೋರ್ಡು'ಗಳನ್ನು ಮನೆಯಲ್ಲೇ ಮಾಡಿಕೊಡುತ್ತಿದ್ದಳು. ಇವತ್ತು ಕುಳಿತಲ್ಲೇ ಒಂಬತ್ತು ತಾಸಾಗಿತ್ತು. ಬೆಸುಗೆ ಹಾಕುತ್ತ ಊಟಕ್ಕೂ ಎದ್ದಿರಲಿಲ್ಲ.

ಟೆಂಪೊ ಚಾಲಕ ಫಕೀರಪ್ಪ ಬಾಗಿಲಲ್ಲಿ ನಿಂತ. "ಅಕ್ಕಾರ, ನಿಲ್ಲದ ಬೋರ್ಡ್ ಹಾಕಿಸ್ಕೊಂಡ ಬಾ ಅಂತ ಮಾಲಕರು ಕಳಿಸ್ಯಾರ್ರಿ."

"ಹಾಕೋಣು, ಕೂಡ್ರಿ."

"ಗಾಡಿ ಮಲಗಿದಾಗಷ್ಟ ನಾನೂ ಮಲಗತಿದ್ದೆ ಅಕ್ಕಾರ. ಕಾನೂನು ಅದಕ್ಕೈತಿ, ನನಗಿಲ್ಲ. ದಿನಾ ಮಧ್ಯಾಹ್ನ ಇಪ್ಪತ್ತ ನಿಮಿಷ ಗಾಡಿ ಕೆಟ್ಟ ನಿಂತಂಗ ಮಾಡಾಕ ಬರತೈತೇನ್ರಿ?"

ಆರು ವರ್ಷದಲ್ಲಿ ಗಾಡಿ ನಿಲ್ಲಿಸಿಕೊಡಿ ಎಂದು ಕೇಳಿದವನು ಇವನೊಬ್ಬನೇ. ಅನಸೂಯಾ ಬೋರ್ಡಿನ ಅಡಿಯಲ್ಲಿ, ಮಾಲಕನ ಕಣ್ಣಿಗೆ ಬೀಳದಂತೆ, ಒಂದು ಟೈಮರ್ ಚಿಪ್ ಕೂಡಿಸಿದಳು.

"ಪರೀಕ್ಷೆ ಮಾಡದ ಯಾವ ಬೋರ್ಡೂ ನಾ ಕೊಡಂಗಿಲ್ಲ. ಇಪ್ಪತ್ತ ನಿಮಿಷ ಕಾಯಬೇಕು."

ಮೂಲೆಯಲ್ಲಿದ್ದ ಹಳೆಯ ಎಂಜಿನ್ನಿಗೆ ಅದನ್ನು ಜೋಡಿಸಿದಳು. ಎಂಜಿನ್ ಓಡಿತು, ಕೆಮ್ಮಿತು, ನಿಂತಿತು. ಗೋಡೆಗೊರಗಿದ ಫಕೀರಪ್ಪ ಆಗಲೇ ಗೊರಕೆ ಹೊಡೆಯುತ್ತಿದ್ದ. ಅವಳೂ ಮೇಜಿನ ಮೇಲೆ ತಲೆಯಿಟ್ಟಳು.

ಇಪ್ಪತ್ತು ನಿಮಿಷಕ್ಕೆ ಸರಿಯಾಗಿ, ವಿಶ್ರಾಂತಿ ಮುಗಿಯಿತೆಂದು ಬೋರ್ಡಿನ ಹಸಿರು ದೀಪ ಹೊತ್ತಿತು. ನೋಡುವುದಕ್ಕೆ ಯಾರೂ ಎಚ್ಚರವಿರಲಿಲ್ಲ.