ಅಡ್ಡಿಕೆಯ ಅಳತೆ

ಕೊರಳಿಗೆ ಒತ್ತಿ ಕೂರುವ ಚಿನ್ನದ ಅಡ್ಡಿಕೆಗೆಂದು ಹೋದ ತಿಂಗಳು ಅಳೆದು ಕತ್ತರಿಸಿದ್ದ ದಾರ ಇಂದು ಹದಿಮೂರು ವರ್ಷದ ಪಾಪಮ್ಮನ ಕೊರಳನ್ನು ಸುತ್ತಿ ಬರಲಿಲ್ಲ. ತುದಿಗಳ ನಡುವೆ ಬೆರಳಗಲ ಉಳಿಯಿತು. ಅವಳು ಉಗುಳು ನುಂಗಿದಾಗ ದಾರದಡಿ ಕೊರಳಲ್ಲಿ ಊದಿದ್ದ ಗಂಟು, ಒಳಗೆ ಯಾರೋ ಎದ್ದು ಕುಳಿತಂತೆ, ಮೇಲೇರಿ ಇಳಿಯಿತು. ಅಕ್ಕಸಾಲಿ ಕಾಳಾಚಾರಿಯ ಬೆರಳಿಗೆ ಅದು ಕಲ್ಲಿನಂತೆ ತಾಗಿತು.

"ದಾರ ಕುಗ್ಗೈತೆ ಕಣಪ್ಪ," ಎಂದಳು ತಾಯಿ ಮುನಿಯಲ್ಲಮ್ಮ. "ಅಡ್ಡಿಕೆ ಅಗಲವಾಗಿರ್ಲಿ. ಗಂಡಿನೋರಿಗೆ ಗಂಟು ಕಾಣಬಾರ್ದು."

"ಕೋಲಾರದಾಗೆ ಡಾಕ್ಟ್ರಿಗೆ ತೋರ್ಸಮ್ಮ," ಎಂದ ಕಾಳಾಚಾರಿ.

"ತೋರ್ಸಿದ್ರೆ ಊರಿಗೆಲ್ಲ ಗೊತ್ತಾಗ್ತದೆ. ಮೊದ್ಲು ಮದ್ವೆ ಆಗ್ಲಿ."

ವೈದ್ಯನಿಗೆ ತೋರಿಸಬೇಕಾದ ಕೊರಳನ್ನು ಹೆತ್ತವಳೇ ಅಕ್ಕಸಾಲಿಗೆ ಒಡ್ಡಿದ್ದಳು. ಆ ಮನೆಯಲ್ಲಿ ಅದಕ್ಕೆ ಮರ್ಯಾದೆಯೆಂದು ಹೆಸರು. ಕಾಳಾಚಾರಿ ತಲೆ ತಗ್ಗಿಸಿ ಹೊಸ ದಾರ ಸುತ್ತಿದ.

ಆಗ ಪಾಪಮ್ಮ, ಗಂಟು ಒತ್ತಿ ಯಾವನೋ ಮುದುಕನದರಂತೆ ಒಡೆದಿದ್ದ ದನಿಯಲ್ಲಿ, ಮೆಲ್ಲಗೆ ಹೇಳಿದಳು: "ಇನ್ನೂ ಸಡ್ಲವಾಗಿ ಅಳೆ, ಮಾಮ. ಮದ್ವೆ ಹೊತ್ಗೆ ಇದು ಇನ್ನಷ್ಟು ಬೆಳ್ದಿರ್ತದೆ."