ಮುದಿ ಕರಡಿ ವಾಪಸು ಬಂದದ್ದು

ಮಣಿಪಾಲದ ಥಿಯೇಟರಿನಲ್ಲಿ ಕರಡಿಯ ಕಾರ್ಟೂನ್ ಚಿತ್ರದ ಹೊಸ ಭಾಗ ನೋಡುತ್ತಿದ್ದಾಗ ಮೊದಲ ಭಾಗದ ಮುದಿ ಕರಡಿ ತೆರೆಯ ಮೇಲೆ ವಾಪಸು ಬಂತು. "ಸತ್ತದ್ದನ್ನು ಎಬ್ಬಿಸಿ ನಿನ್ನಂಥವರಿಂದ ದುಡ್ಡು ಕೀಳುವುದು ಮಾರಾಯ್ತಿ" ಎಂದು ಗೆಳತಿ ನಕ್ಕಳು, ನನಗೆ ರೇಗಿತು: ಅದು ಸತ್ತಿತ್ತೆಂದು ಇವಳಿಗೆ ಹೇಳಿದವರು ಯಾರು?

ಚಿಕ್ಕಂದಿನಲ್ಲಿ ಕಾಪುವಿನ ಮನೆಯಲ್ಲಿ ಮೊದಲ ಭಾಗ ನೋಡಿದ ಮಧ್ಯಾಹ್ನ ಪಕ್ಕದಲ್ಲೇ ಮಾಮನ ಸೂಟ್‌ಕೇಸು ಬಾಯಿ ತೆರೆದುಕೊಂಡಿತ್ತು, ಒಳಗೆ ಹಲಸಿನ ಹಪ್ಪಳ. ಮರುದಿನ ಅವನು ರಜೆ ಮುಗಿಸಿ ಮಸ್ಕತ್ತಿಗೆ ಕೆಲಸಕ್ಕೆ ಹೊರಡುವವನು. ಅವನು ತಂದಿದ್ದ ವೀಡಿಯೋ ಕ್ಯಾಸೆಟ್ಟಿನಲ್ಲಿ ಮಾತೆಲ್ಲ ಅರಬಿ. ಅವನೇ ಕಥೆಯನ್ನು ತುಳುವಿನಲ್ಲಿ ಹೇಳುತ್ತಿದ್ದ. ಅವನಿಗೆ ಅರಬಿ ಎಷ್ಟು ಬರುತ್ತಿತ್ತೋ, ನನಗೆ ಎಷ್ಟು ಸರಿಯಾಗಿ ನೆನಪಿದೆಯೋ. ಮುದಿ ಕರಡಿ ಹಿಮದ ಬಿರುಕಿನೊಳಗೆ ಜಾರಿತು. ನಾನು ಮಾಮನ ಲುಂಗಿ ಹಿಡಿದುಕೊಂಡೆ.

"ಸತ್ತಿತಾ ಮಾಮ?"

"ಇಲ್ಲ ಮಗಾ, ಕೆಲಸಕ್ಕೆ ಹೋದದ್ದು. ಮುಂದಿನ ಭಾಗದಲ್ಲಿ ಬರ್ತದೆ."

"ಯಾವಾಗ?"

"ರಜೆ ಸಿಕ್ಕಿದಾಗ."

"ರಜೆ ಯಾರು ಕೊಡುವುದು?"

ಅವನ ಅಂಗಿ ಮಡಚುತ್ತಿದ್ದ ಅಮ್ಮನಿಗೆ ಸಿಟ್ಟು ಬಂತು. "ಮಗುವಿಗೆ ಎಂತ ಸುಳ್ಳು ಹೇಳ್ತೀ ಮಾರಾಯ? ನಾಳೆಯಿಂದ ಇವಳು ಕೇಳುವುದು ನನ್ನ ಹತ್ತಿರ ಅಲ್ವಾ?"

ಮಾಮ ಕ್ಯಾಸೆಟ್ಟನ್ನು ಹಿಂದಕ್ಕೆ ಓಡಿಸಿ, ಕರಡಿ ಜಾರುವ ಮೊದಲೇ ನಿಲ್ಲಿಸಿ, "ನೀನು ಇಷ್ಟರವರೆಗೆ ನೋಡಿದರೆ ಸಾಕು" ಎಂದು ನನಗೆ ಹೇಳಿದ.