ಬಲಗಾಲು

"ಅಲುಗಾಡಬೇಡ್ರೀ. ಹಿಮ್ಮಡಿ ಬಿರುಕಲ್ಲಿ ಇನ್ನೂ ಗ್ರೀಸು ಕೂತೈತೆ," ಎನ್ನುತ್ತ ಲೂರ್ದಮ್ಮ ಗಂಡನ ಬಲಗಾಲನ್ನು ಮಡಿಲಿಗೆ ಎಳೆದುಕೊಂಡು ಕಲ್ಲಿನಿಂದ ಉಜ್ಜಿದಳು. ಇನ್ನಾಸಪ್ಪ ಪೆರಂಬೂರಿನ ರೈಲ್ವೆ ವರ್ಕ್‌ಶಾಪಿನಿಂದ ನಿವೃತ್ತನಾಗಿ ಆರು ವರ್ಷವಾಗಿದ್ದರೂ ಗಾಡಿಗಳ ಕಪ್ಪು ಅವನ ಪಾದ ಬಿಟ್ಟು ಹೋಗಿರಲಿಲ್ಲ.

"ಎಡಗಾಲು?" ಎಂದ.

"ಅದನ್ನ ಯಾರು ನೋಡ್ತಾರೆ? ಫಾದರ್ ತೊಳೆಯೋದು ಬಲಗಾಲು ಒಂದೇ."

ಅಂದು ಪವಿತ್ರ ಗುರುವಾರ. ಯೇಸುಸ್ವಾಮಿ ಹನ್ನೆರಡು ಶಿಷ್ಯರ ಪಾದ ತೊಳೆದ ನೆನಪಿಗೆ ಚರ್ಚಿನ ಸಂಜೆಯ ಪೂಜೆಯಲ್ಲಿ ಗುರುಗಳು ಊರಿನ ಹನ್ನೆರಡು ಮಂದಿಯ ಪಾದ ತೊಳೆಯುತ್ತಾರೆ. ಆ ಹನ್ನೆರಡರಲ್ಲಿ ತನ್ನದೊಂದು ಹೆಸರು ಬರಲೆಂದು ಇನ್ನಾಸಪ್ಪ ಹನ್ನೊಂದು ವರ್ಷ ಕಾದಿದ್ದ. ಈ ಸಲ ಬಂದಿತ್ತು. ಹೆಸರು ಬಂದವರು ಮನೆಯಲ್ಲೇ ಕಾಲು ತಿಕ್ಕಿ, ಉಗುರು ತೆಗೆದು, ಪೌಡರು ಸವರಿಕೊಂಡು ಹೋಗುವುದು ಅಲ್ಲಿನ ವಾಡಿಕೆ. ಗುರುಗಳ ಕೈಗೆ ಕೊಳೆ ತಾಗಬಾರದಲ್ಲ. ಪೀಠದ ಹೂವನ್ನೂ ಆ ಹನ್ನೆರಡು ಮಂದಿಯೇ ತರಬೇಕು. ಇನ್ನಾಸಪ್ಪನ ಪಾಲಿಗೆ ಸುಗಂಧರಾಜ ಬಂದಿತ್ತು.

"ನಾನು ಮುಂದೆ ಚರ್ಚಿಗೆ ಹೋಗಿರ್ತೀನಿ. ಕೋಯಂಬೇಡು ಮಾರ್ಕೆಟ್ಟಲ್ಲಿ ಕಾಲು ಜೋಪಾನ. ಹೂವು ಬಾಡಿದ್ರೂ ಚಿಂತೆಯಿಲ್ಲ," ಎಂದು ಲೂರ್ದಮ್ಮ ಹೇಳಿ ಕಳಿಸಿದಳು.

ಹೂವಿನ ಕಟ್ಟು ಎದೆಗವುಚಿಕೊಂಡು, ಪಂಚೆ ಎತ್ತಿ ಹಿಡಿದು, ಕೊಳೆತ ಕೋಸಿನೆಲೆ ತಪ್ಪಿಸುತ್ತ ಅವನು ಕೊಕ್ಕರೆಯಂತೆ ಹೆಜ್ಜೆಯಿಡುತ್ತಿದ್ದ. ಮಾರ್ಕೆಟ್ಟು ದಾಟಿದ ಸಂದಿಯಲ್ಲಿ ಒಂದು ಸೊಪ್ಪಿನ ಗಾಡಿಯ ಚಕ್ರ ಮೋರಿಗೆ ಜಾರಿ ನಿಂತಿತ್ತು. ಹಿಂದೊಂದು ಲಾರಿ. ಅದರ ಡ್ರೈವರ್ ಹಾರ್ನಿನಿಂದ ಕೈ ತೆಗೆಯದೆ, ಗಾಡಿ ಉರುಳಿಸಿಯಾದರೂ ದಾರಿ ಬಿಡು ಎಂದು ತಮಿಳಿನಲ್ಲಿ ಕೂಗುತ್ತಿದ್ದ. ಗಾಡಿಯವಳು ಮಾತ್ರ ಡ್ರೈವರನ್ನು ಬಿಟ್ಟು ಚಕ್ರವನ್ನು ಬಯ್ಯುತ್ತಿದ್ದಳು, ಅದೂ ಕನ್ನಡದಲ್ಲಿ: "ಹಾಳಾದ್ದೇ, ಊರೆಲ್ಲ ಬಿಟ್ಟು ನಿಂಗೆ ಈ ಮೋರಿನೇ ಬೇಕಿತ್ತಾ?"

ಯಾರಾದರೂ ಬರುತ್ತಾರೆ ಎಂದುಕೊಂಡು ಇನ್ನಾಸಪ್ಪ ದಾಟಿ ಹೋದ. ಅಲ್ಲಿ ನಡೆಯುತ್ತಿದ್ದವರೆಲ್ಲ ಅದನ್ನೇ ಅಂದುಕೊಂಡು ದಾಟುತ್ತಿದ್ದರು. ಹತ್ತು ಹೆಜ್ಜೆ ಹೋಗಿ ನಿಂತ. ಪಾದ ನೋಡಿಕೊಂಡ. ತಿರುಗಿ ಬಂದು ಹೂವನ್ನು ಒಂದು ಕಟ್ಟೆಯ ಮೇಲಿಟ್ಟ.

"ಯಾವೂರಮ್ಮ?"

"ಥಳಿ ಕಡೆ ಅಣ್ಣ. ಕರಿಯಮ್ಮ ಅಂತಾರೆ. ಊರು ಆಮೇಲೆ ಕೇಳೋವಂತೆ, ವಸಿ ಎತ್ತಣ್ಣ!"

ಗಾಡಿಯ ಅಚ್ಚು ಎಲ್ಲಿ ಹಿಡಿದರೆ ಏಳುತ್ತದೆಂದು ಅವನಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಚಪ್ಪಲಿ ಕಳಚಿ ಎಡಗಾಲನ್ನು ಮೋರಿಗಿಳಿಸಿದ. ಬಲಗಾಲನ್ನು ಒಣಕಲ್ಲಿನ ಮೇಲೆಯೇ ಉಳಿಸಿಕೊಂಡು ಭುಜ ಕೊಟ್ಟ. ಚಕ್ರ ಮಿಸುಕಾಡಿ ಮತ್ತೆ ಕೂತಿತು.

ಕರಿಯಮ್ಮ ನೋಡಿಯೇ ನೋಡಿದಳು. "ಆ ಕಾಲೇನು ಅಡ ಇಟ್ಟಿದ್ದೀಯಾ ಅಣ್ಣ? ಒಂಟಿಗಾಲಲ್ಲಿ ಗಾಡಿ ಎದ್ದಾತಾ?"

ಇನ್ನಾಸಪ್ಪ ಪಂಚೆ ಎತ್ತಿ ಕಟ್ಟಿದ. ಕಣ್ಣು ಮುಚ್ಚಿ ಬಲಗಾಲನ್ನೂ ಇಳಿಸಿದ. ಮೊಣಕಾಲವರೆಗೆ ಕಪ್ಪು ನೀರು ಬಂತು. ಒಂದೇ ಏಟಿಗೆ ಚಕ್ರ ಮೇಲೆ ಬಂತು. ಎರಡು ಕಟ್ಟು ಕೊತ್ತಂಬರಿ ಅವನ ಕಾಲ ಬಳಿಯೇ ಮೋರಿಗೆ ಬಿದ್ದವು. ಅವಳು ಸೊಪ್ಪಿನಡಿಯಿಂದ ಕುಡಿಯುವ ನೀರಿನ ಬಾಟಲಿ ತೆಗೆದಳು. ಕಾಲು ಭಾಗ ಇತ್ತು.

"ಬಗ್ಗಿಸ್ತೀನಿ, ಕಾಲು ಕೊಡು."

"ಬೇಡಮ್ಮ, ಕುಡಿಯೋಕೆ ಇರ್ಲಿ. ನಂಗೂ ಹೊತ್ತಾಯ್ತು."

ಹೂವಿನ ಕಟ್ಟು ಎತ್ತಿಕೊಂಡು ಆಟೋ ಹಿಡಿದ. ಚರ್ಚಿನ ಮುಂದೆ ಇಳಿಯುವಾಗ ಪಾದ ತೊಳೆಯುವ ಹಾಡು ಶುರುವಾಗಿತ್ತು. ಬಾಗಿಲಲ್ಲೇ ಕಾದಿದ್ದ ಲೂರ್ದಮ್ಮ ಅವನ ಕಾಲು ನೋಡಿ ಬಾಯಿ ಮೇಲೆ ಕೈಯಿಟ್ಟಳು. ಹೂವು ಇಸಿದುಕೊಂಡು, ಬಗ್ಗಿ ಸೆರಗಿನಿಂದ ಒರೆಸಹೋದಳು. ಕೊಳೆ ಹರಡಿತೇ ಹೊರತು ಹೋಗಲಿಲ್ಲ.

"ಒಳಗೆ ಹೋಗಬೇಡ್ರೀ. ಬರೋ ವರ್ಷ ನೋಡೋಣ."

ಇನ್ನಾಸಪ್ಪ ಹಿಂದಕ್ಕೆ ಸರಿದ. ಅಷ್ಟರಲ್ಲಿ ಗುರುಗಳು ಹನ್ನೊಂದನೆಯವರ ಪಾದ ಒರೆಸಿ ಎದ್ದಿದ್ದರು. ಹನ್ನೆರಡನೆಯ ಕುರ್ಚಿ ಖಾಲಿ. ಅವರು ಟವೆಲು ಹಿಡಿದು ಬಾಗಿಲ ಕಡೆ ನೋಡಿದರು. ಜನವೂ ತಿರುಗಿ ನೋಡಿತು. ಇನ್ನು ಓಡುವಂತಿರಲಿಲ್ಲ. ಅವನು ಬಿಳಿ ಕಲ್ಲಿನ ಮೇಲೆ ಒಂದೊಂದೇ ಕಪ್ಪು ಹೆಜ್ಜೆ ಮೂಡಿಸುತ್ತ ಹೋಗಿ ಕೂತ, ಕಾಲುಗಳನ್ನು ಕುರ್ಚಿಯಡಿಗೆ ಎಳೆದುಕೊಂಡ.

"ಬೇಡ ಫಾದರ್," ಎಂದ ಮೆಲ್ಲಗೆ. "ನಿಮ್ಮ ಕೈ ಗಲೀಜಾಗ್ತದೆ."

ಗುರುಗಳು ಮಂಡಿಯೂರಿ, ಮಧ್ಯಾಹ್ನ ಲೂರ್ದಮ್ಮ ಎಳೆದುಕೊಂಡಂತೆಯೇ ಆ ಬಲಗಾಲನ್ನು ಎಳೆದುಕೊಂಡರು. ತಂಬಿಗೆಯ ನೀರು ಸಾಲಲಿಲ್ಲ. ಇನ್ನೊಂದು ತಂಬಿಗೆ ತರಿಸಿದರು. ಬೆರಳ ಸಂದಿಗೆ ಬೆರಳು ಹಾಕಿ ತಿಕ್ಕಿದರು. ಆಮೇಲೆ ಎಡಗಾಲನ್ನೂ ಕೇಳಿದರು.

ಹನ್ನೊಂದು ಜನರ ಪಾದ ತೊಳೆದರೂ ತಿಳಿಯಾಗಿಯೇ ಉಳಿದಿದ್ದ ಬೋಗುಣಿಯ ನೀರು ಈಗ ಕಪ್ಪಾಗಿತ್ತು. ಅದರಲ್ಲಿ ಒಂದು ಕೊತ್ತಂಬರಿ ಎಲೆ ತೇಲುತ್ತಿತ್ತು.